ಗಾಡಿ ತೆಗೆಯೋದು ಅಪರೂಪವೇ? ಕಾರಿನ ಬ್ಯಾಟರಿ ಡೌನ್ ಆಗದಂತೆ ನೋಡಿಕೊಳ್ಳುವುದು ಹೀಗೆ

ಆಯುಧ ಪೂಜೆಯ ಬೆಳಗ್ಗೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಸುತ್ತು ಹಾಕಿ. ಗಾಡಿ ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಕೀಲಿ ತಿರುಗಿಸಿದರೆ ಬರೀ ‘ಟಕ್ ಟಕ್ ಟಕ್’ ಅನ್ನುವ ಕಾರು ಒಂದಾದರೂ ಸಿಗುತ್ತದೆ. ಮೀಟರ್ ಬೋರ್ಡಿನ ದೀಪಗಳು ಮಂಕಾಗಿ ಮಿನುಗುತ್ತವೆ, ಇಂಜಿನ್ ಮಾತ್ರ ತಿರುಗುವುದಿಲ್ಲ.

ಆಫೀಸಿಗೆ ಮೆಟ್ರೋ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಹತ್ತಿರದ ಓಡಾಟಕ್ಕೆ ಸ್ಕೂಟರ್. ಕಾರು ನಿಂತಲ್ಲೇ ನಿಂತಿರುತ್ತದೆ. ಮಗಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿಬರುವ ಅಪ್ಪ ಅಮ್ಮಂದಿರದ್ದು ಇನ್ನೊಂದು ಬಗೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಬ್ಯಾಟರಿ ಹೊಸದೇ ಇದೆ, ಆದರೂ ಪದೇ ಪದೇ ಡೌನ್ ಆಗುತ್ತೆ. ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕಾ?’

ಸಾಲದು. ನನ್ನನ್ನು ಕೇಳಿದರೆ ಆ ಅಭ್ಯಾಸವನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಯಾಕೆಂದು ತಿಳಿಯಬೇಕಾದರೆ ಮೊದಲು ಒಂದು ಸಣ್ಣ ಲೆಕ್ಕ ನೋಡಬೇಕು.

ನಿಂತ ಗಾಡಿಯಲ್ಲಿ ಕರೆಂಟ್ ಎಲ್ಲಿಗೆ ಹೋಗುತ್ತದೆ?

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಎಎಚ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತದೆ ಅನ್ನುವ ಅಳತೆ. ಒಂದು ಆಂಪಿಯರನ್ನು ಒಂದು ಗಂಟೆ ಎಳೆದರೆ ಒಂದು ಎಎಚ್ ಖರ್ಚು.

ಕೀಲಿ ತೆಗೆದು ಲಾಕ್ ಮಾಡಿದ ಮೇಲೂ ಕಾರು ಪೂರ್ತಿ ಆಫ್ ಆಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟಿನ ಸಿಗ್ನಲ್ಲಿಗೆ ಕಾಯುವ ರಿಸೀವರ್, ಇಂಜಿನ್ ಕಂಪ್ಯೂಟರಿನ ನೆನಪು ಎಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. ಇದು ದೋಷವಲ್ಲ. 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.7 ಎಎಚ್, ವಾರಕ್ಕೆ ಸುಮಾರು 5, ತಿಂಗಳಿಗೆ 21ರ ಮೇಲೆ. ಅಂದರೆ ತುಂಬಿದ ಬ್ಯಾಟರಿಯೂ ಒಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಅಷ್ಟರಲ್ಲಿ ಹಳೇ ಬ್ಯಾಟರಿಗೆ ಇಂಜಿನ್ ತಿರುಗಿಸುವ ಕಸುವು ಉಳಿದಿರುವುದಿಲ್ಲ.

ಸ್ಟಾರ್ಟ್ ಮಾಡುವಾಗಲೇ ಬ್ಯಾಟರಿ ಖಾಲಿಯಾಗಿಬಿಡುತ್ತದೆ ಅನ್ನುವ ನಂಬಿಕೆಯೊಂದಿದೆ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆದರೂ ಎಳೆಯುವುದು ಒಂದೆರಡು ಸೆಕೆಂಡು ಮಾತ್ರ. ಲೆಕ್ಕ ಹಾಕಿದರೆ 0.1 ಎಎಚ್ ಕೂಡ ಆಗುವುದಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ನಿಂತಾಗಿನ ಈ ಸಣ್ಣ ಸೋರಿಕೆ, ಜೊತೆಗೆ ಅರೆಬರೆ ಚಾರ್ಜಿನಲ್ಲೇ ವಾರಗಟ್ಟಲೆ ಬಿಡುವುದು. ಚಾರ್ಜ್ ಇಳಿದಾಗ ಒಳಗಿನ ಸೀಸದ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟು ಜಾಗ ವಾಪಸ್ ಸಿಗುವುದಿಲ್ಲ. ಮೆಕ್ಯಾನಿಕ್‌ಗಳು ‘ಸಲ್ಫೇಟ್ ಹಿಡಿದಿದೆ’ ಅನ್ನುವುದು ಇದನ್ನೇ. ಬ್ಯಾಟರಿಯ ಒಳಗೂ ತಾನೇ ತಾನಾಗಿ ಒಂದಿಷ್ಟು ಇಳಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಆ ಇಳಿತ ಜೋರು. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಬಯಲಲ್ಲಿ ನಿಂತ ಕಾರಿಗೂ ಮಡಿಕೇರಿಯ ಶೆಡ್ಡಿನಲ್ಲಿ ನಿಂತ ಕಾರಿಗೂ ಬ್ಯಾಟರಿ ಆಯಸ್ಸು ಒಂದೇ ಇರುವುದಿಲ್ಲ.

ಏನೇನು ಬೇಕು?

ಒಂದು ಡಿಜಿಟಲ್ ಮಲ್ಟಿಮೀಟರ್ (ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುವ ಮಾಮೂಲಿಯದೇ ಸಾಕು), 10 ಎಂಎಂ ಸ್ಪ್ಯಾನರ್, ಹಳೇ ಟೂತ್ ಬ್ರಷ್, ಅಡುಗೆ ಸೋಡಾ, ಸ್ವಲ್ಪ ವ್ಯಾಸಲೀನ್. ಕೊಂಡುಕೊಳ್ಳುವ ಮನಸ್ಸಿದ್ದರೆ ಒಂದು ಸ್ಮಾರ್ಟ್ ಚಾರ್ಜರ್. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು 5ನೇ ಹಂತದಲ್ಲಿ ಹೇಳುತ್ತೇನೆ. ಕಾರಿನ ಜೊತೆ ಬಂದ ಓನರ್ಸ್ ಮ್ಯಾನುಯಲ್ಲನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯಿರಿ. ಬ್ಯಾಟರಿಯ ಪುಟವನ್ನಾದರೂ ಒಮ್ಮೆ ಓದಿ. ಎಲ್ಲ ಕಾರುಗಳಲ್ಲೂ ಬ್ಯಾಟರಿ ಬಾನೆಟ್ಟಿನಡಿಯೇ ಇರುವುದಿಲ್ಲ, ಕೆಲವದರಲ್ಲಿ ಡಿಕ್ಕಿಯಲ್ಲಿರುತ್ತದೆ.

ಕೈಯ ಉಂಗುರ, ಕಡಗ, ಬಳೆ, ಲೋಹದ ಪಟ್ಟಿಯ ವಾಚು ಬಿಚ್ಚಿಟ್ಟು ಕೆಲಸಕ್ಕೆ ಇಳಿಯಿರಿ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸ್ಪ್ಯಾನರ್ ಮತ್ತು ಉಂಗುರದ ಮೂಲಕ ಶಾರ್ಟ್ ಆದರೆ ಉಂಗುರ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ.

ಹಂತ 1: ಮೊದಲು ಅಳೆಯಿರಿ

ಅಳೆಯದೆ ಬ್ಯಾಟರಿ ಬದಲಾಯಿಸುವವರೇ ಹೆಚ್ಚು. ಅಂಗಡಿಯವರಿಗೇನೋ ಅದು ಸಂತೋಷದ ವಿಷಯ.

ಗಾಡಿ ಕನಿಷ್ಠ ಐದಾರು ಗಂಟೆ ನಿಂತಿರಬೇಕು. ಈಗಷ್ಟೇ ಓಡಿಸಿ ಬಂದು ಅಳೆದರೆ ವೋಲ್ಟೇಜ್ ಸುಳ್ಳೇ ಹೆಚ್ಚು ತೋರಿಸುತ್ತದೆ. ಬಾನೆಟ್ ತೆಗೆದು, ಬಾಗಿಲು ಮುಚ್ಚಿ, ಕಾಲು ಗಂಟೆ ಬಿಡಿ. ಬಾಗಿಲು ತೆಗೆದ ಕೂಡಲೇ ಎಚ್ಚರಗೊಂಡ ಕಂಪ್ಯೂಟರುಗಳು ಮತ್ತೆ ಮಲಗಲಿ.

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕಪ್ಪು ವೈರು ‘ಕಾಮ್’ ಎಂದಿರುವ ತೂತಿಗೆ, ಕೆಂಪು ವೈರು ವೋಲ್ಟ್ ಗುರುತಿನ ತೂತಿಗೆ. ಇಲ್ಲಿ ಜೋಪಾನ: ಕೆಂಪು ವೈರು ‘10 ಎ’ ಅಂತ ಬರೆದ ತೂತಿನಲ್ಲಿದ್ದಾಗ ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಎಷ್ಟೋ ಸಲ ಆ ತೂತಿಗೆ ಫ್ಯೂಸೇ ಇರುವುದಿಲ್ಲ, ವೈರು ಕೈಯಲ್ಲೇ ಕರಗುತ್ತದೆ.

ಕೆಂಪು ಮೊನೆ ಪ್ಲಸ್‌ಗೆ, ಕಪ್ಪು ಮೊನೆ ಮೈನಸ್‌ಗೆ. ಬಂದ ಅಂಕಿಯನ್ನು ಹೀಗೆ ಓದಿ:

12.6 ಅಥವಾ ಮೇಲೆ: ತುಂಬಿದೆ.
12.4: ಮುಕ್ಕಾಲು ಭಾಗ. ಈ ವಾರವೇ ಚಾರ್ಜ್ ಮಾಡಿ.
12.2: ಅರ್ಧ. ಇವತ್ತೇ ಮಾಡಿ.
12.0: ಕಾಲು ಭಾಗ. ಸಲ್ಫೇಟ್ ಹಿಡಿಯುವ ಅಪಾಯ.
11.8ಕ್ಕಿಂತ ಕೆಳಗೆ: ಹೆಚ್ಚುಕಡಿಮೆ ಖಾಲಿ.

ನೋಡಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಒಂದು ವೋಲ್ಟ್ ವ್ಯತ್ಯಾಸವೂ ಇಲ್ಲ. ‘12 ಇದೆಯಲ್ಲ, 12 ವೋಲ್ಟ್ ಬ್ಯಾಟರಿ ತಾನೇ, ಸರಿಯಾಗಿದೆ’ ಅಂದುಕೊಳ್ಳುವುದು ನಾನು ಅತಿ ಹೆಚ್ಚು ಕೇಳುವ ತಪ್ಪು.

ಈಗ ಮೀಟರ್ ಹಿಡಿದೇ ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. ಕ್ರ್ಯಾಂಕ್ ಆಗುವಾಗ ಅಂಕಿ ಕುಸಿಯುತ್ತದೆ. 10ರ ಮೇಲೆ ನಿಂತರೆ ಚೆನ್ನ, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಅಥವಾ ಚಾರ್ಜ್ ಇಲ್ಲ. ಇಂಜಿನ್ ಶುರುವಾದ ಮೇಲೆ 13.8ರಿಂದ 14.5ರ ನಡುವೆ ತೋರಿಸಿದರೆ ಆಲ್ಟರ್ನೇಟರ್, ಅಂದರೆ ಇಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟ್ ತಯಾರಿಸುವ ಯಂತ್ರ, ಸರಿಯಿದೆ. ಈಚಿನ ಕೆಲವು ಕಾರುಗಳಲ್ಲಿ ಮೈಲೇಜ್ ಉಳಿಸಲು ಕಂಪ್ಯೂಟರೇ ಇದನ್ನು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಒಂದು ಕ್ಷಣ 13ರ ಕೆಳಗೆ ಕಂಡರೆ ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ನೋಡಿ. ಮೇಲೇಳದೆ 12ರ ಆಸುಪಾಸಿನಲ್ಲೇ ಕೂತಿದ್ದರೆ ರೋಗ ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು.

ಬ್ಯಾಟರಿಯ ಮೇಲಿನ ಗಾಜಿನ ಕಣ್ಣು ಹಸಿರಾಗಿದೆ ಎಂದು ಸುಮ್ಮನಾಗಬೇಡಿ. ಒಳಗಿರುವ ಆರು ಸೆಲ್‌ಗಳಲ್ಲಿ ಆ ಕಣ್ಣು ಕಾಣುವುದು ಒಂದನ್ನು ಮಾತ್ರ.

ಹಂತ 2: ಟರ್ಮಿನಲ್ ನೋಡಿ

ಕೆಲವು ಸಲ ಬ್ಯಾಟರಿ ತುಂಬಿರುತ್ತದೆ, ಆದರೆ ಕರೆಂಟ್ ಕೇಬಲ್ಲಿಗೆ ಹತ್ತುವುದಿಲ್ಲ. ಟರ್ಮಿನಲ್ ಸುತ್ತ ಬೆಳ್ಳಗೆ ಅಥವಾ ನೀಲಿ-ಹಸಿರಾಗಿ ಉಬ್ಬಿಕೊಂಡ ಪುಡಿ ಕಂಡರೆ ಅದೇ ಕಾರಣ. ಪ್ಲಸ್ ಮೇಲಿನ ಪ್ಲಾಸ್ಟಿಕ್ ಟೊಪ್ಪಿ ಎತ್ತಿಯೇ ನೋಡಿ, ಪುಡಿ ಅದರಡಿ ಅಡಗಿರುತ್ತದೆ. ಕೇಬಲ್ಲಿನ ಕ್ಲಾಂಪನ್ನು ಕೈಯಲ್ಲಿ ತಿರುಗಿಸಿ, ಅಲ್ಲಾಡಿದರೆ ಸಡಿಲವಾಗಿದೆ ಎಂದರ್ಥ.

ಕಳಚುವಾಗ ಮೈನಸ್ ಮೊದಲು, ಪ್ಲಸ್ ಆಮೇಲೆ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ.

ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಬ್ರಷ್ ಅದ್ದಿ ಉಜ್ಜಿ. ನೊರೆ ಬಂದು ನಿಲ್ಲುವವರೆಗೆ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಆ ಪುಡಿ ಆಸಿಡ್ಡಿನ ಪೈಕಿ. ಊದಬೇಡಿ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ಕ್ಲಾಂಪ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ. ಗ್ರೀಸನ್ನು ಒಳಗೇ ತುಂಬಿ ಮೇಲೆ ಕ್ಲಾಂಪ್ ಕೂರಿಸುವುದು ಬೇಡ.

ಮೇಲೆ ಆರು ಬಿರಡೆಗಳಿರುವ ಹಳೇ ಬಗೆಯ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ, ಕಡಿಮೆಯಿದ್ದರೆ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕಿ. ಆರ್‌ಓ ನೀರು, ಬಾಟಲಿ ನೀರು ನಡೆಯುವುದಿಲ್ಲ. ಆಸಿಡ್ ಅಂತೂ ಹಾಕಲೇಬೇಡಿ. ಮೇಂಟೆನೆನ್ಸ್-ಫ್ರೀ ಎಂದು ಬರೆದಿದ್ದರೆ ಈ ಕೆಲಸವೇ ಇಲ್ಲ.

ಹಂತ 3: ಕಳ್ಳ ಡ್ರೇನ್ ಹಿಡಿಯಿರಿ

ಬ್ಯಾಟರಿ ತುಂಬಿದ ಮೇಲೆ ಒಂದು ಸಂಜೆ ವೋಲ್ಟೇಜ್ ಬರೆದಿಡಿ. ಗಾಡಿ ಮುಟ್ಟದೆ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. 0.1 ವೋಲ್ಟಿನಷ್ಟು ಇಳಿದಿದ್ದರೆ ಮಾಮೂಲು. 12.6 ಇದ್ದದ್ದು 12.3ಕ್ಕೆ ಬಂದಿದ್ದರೆ ಏನೋ ಒಂದು ಕುಡಿಯುತ್ತಿದೆ, ಇಲ್ಲವೇ ಬ್ಯಾಟರಿಯೇ ಹಿಡಿದಿಡುತ್ತಿಲ್ಲ. ಯಾವುದೆಂದು ತಿಳಿಯಲು ಮತ್ತೆ ಪೂರ್ತಿ ಚಾರ್ಜ್ ಮಾಡಿ, ಮೈನಸ್ ಕಳಚಿಟ್ಟು ಮೂರು ದಿನ ನೋಡಿ. ಕಳಚಿದಾಗಲೂ ಇಳಿದರೆ ಬ್ಯಾಟರಿ ಹೋಗಿದೆ. ಇಳಿಯದಿದ್ದರೆ ಕಳ್ಳ ಕಾರಿನೊಳಗಿದ್ದಾನೆ.

ನಮ್ಮಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವು ಹೊರಗಿನಿಂದ ಹಾಕಿಸಿದ ಸಾಮಾನುಗಳೇ. ಮೊದಲನೆಯದು ಡ್ಯಾಶ್‌ಕ್ಯಾಮ್. ‘ಪಾರ್ಕಿಂಗ್ ಮೋಡ್’ ಎಂದು ನೇರ ಫ್ಯೂಸ್ ಬಾಕ್ಸಿಗೆ ವೈರ್ ಎಳೆಸಿದ್ದರೆ ಅದು ಕಾರು ನಿಂತಾಗಲೂ ರೆಕಾರ್ಡ್ ಮಾಡುತ್ತದೆ. ಸುಮಾರು 0.25 ಆಂಪಿಯರ್ ಎಂದರೂ ದಿನಕ್ಕೆ 6 ಎಎಚ್. ನಾಲ್ಕೈದು ದಿನದಲ್ಲಿ ಸಣ್ಣ ಕಾರು ಸ್ಟಾರ್ಟ್ ಆಗುವುದಿಲ್ಲ. ವಾರಕ್ಕೊಮ್ಮೆ ಓಡಿಸುವವರಿಗೆ ಪಾರ್ಕಿಂಗ್ ಮೋಡ್ ಹೊಂದುವುದಿಲ್ಲ, ಆಫ್ ಮಾಡಿ. ಅಗತ್ಯವೇ ಇದ್ದರೆ ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ಕಿಟ್ ಹಾಕಿಸಿ, ಅದನ್ನು 12.4ಕ್ಕೆ ಸೆಟ್ ಮಾಡಿಸಿ. ಅಂಗಡಿಯವರು ಬೇರೇನೂ ಹೇಳದಿದ್ದರೆ 11.8ಕ್ಕೆ ಇಟ್ಟು ಕಳಿಸುವುದುಂಟು, ಅಷ್ಟು ಹೊತ್ತಿಗೆ ಬ್ಯಾಟರಿ ಕಥೆ ಮುಗಿದಿರುತ್ತದೆ.

ಜಿಪಿಎಸ್ ಟ್ರ್ಯಾಕರ್, ಹೊರಗಿನ ಸ್ಟೀರಿಯೊ, ಆಂಪ್ಲಿಫೈಯರ್, ಓಬಿಡಿ ಪೋರ್ಟಿಗೆ ಸಿಕ್ಕಿಸಿ ಮರೆತ ಸಣ್ಣ ಡಬ್ಬಿ ಇವೂ ಅದೇ ಸಾಲಿನವು. ಓಬಿಡಿ ಪೋರ್ಟ್ ಅಂದರೆ ಸರ್ವೀಸ್‌ನವರು ಕಂಪ್ಯೂಟರ್ ಜೋಡಿಸಲು ಸ್ಟೀರಿಂಗ್ ಕೆಳಗೆ ಇರುವ ಸಾಕೆಟ್. ಡಿಕ್ಕಿಯ ದೀಪ ಆರದೇ ಉಳಿದರೆ ಅದೊಂದೇ ಸಾಕು. 5 ವ್ಯಾಟಿನ ಹಳೇ ಬಲ್ಬು ದಿನಕ್ಕೆ 10 ಎಎಚ್ ತಿನ್ನುತ್ತದೆ. ಫೋನಿನ ಕ್ಯಾಮೆರಾವನ್ನು ವಿಡಿಯೊ ಮೋಡಿನಲ್ಲಿಟ್ಟು ಡಿಕ್ಕಿಯೊಳಗೆ ಮುಚ್ಚಿ, ತೆಗೆದು ನೋಡಿ, ಉತ್ತರ ಸಿಗುತ್ತದೆ.

ಬಟನ್ ಸ್ಟಾರ್ಟ್ ಕಾರಾದರೆ ಕೀಲಿಯನ್ನು ಕಾರಿನ ಹತ್ತಿರದ ಶೂ ಸ್ಟ್ಯಾಂಡಿನಲ್ಲೋ ಗೋಡೆಯಾಚೆಯ ಮೊಳೆಯಲ್ಲೋ ನೇತುಹಾಕಬೇಡಿ. ಕೀಲಿ ವ್ಯಾಪ್ತಿಯಲ್ಲಿದ್ದರೆ ಕೆಲವು ಕಾರುಗಳು ಅದರ ಜೊತೆ ಮಾತಾಡುತ್ತಲೇ ಇರುತ್ತವೆ. ಮೊಬೈಲ್ ಆಪ್ ಇರುವ ಕಾರುಗಳಲ್ಲಿ ‘ಗಾಡಿ ಹೇಗಿದೆ’ ಎಂದು ಪದೇ ಪದೇ ಆಪ್ ತೆರೆದು ನೋಡುವುದೂ ಮಲಗಿದ್ದ ಕಂಪ್ಯೂಟರನ್ನು ಎಬ್ಬಿಸಿದ ಹಾಗೆ.

ಇಷ್ಟಾದರೂ ಸಿಗದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಮೈನಸ್ ಕೇಬಲ್ ಮಧ್ಯೆ ಆಂಪಿಯರ್ ಮೀಟರ್ ಜೋಡಿಸಿ, ಒಂದೊಂದೇ ಫ್ಯೂಸ್ ತೆಗೆಯುತ್ತಾ ಹುಡುಕುವ ಕೆಲಸ ಅದು. ಅಭ್ಯಾಸವಿಲ್ಲದವರು ಮನೆಯಲ್ಲಿ ಮಾಡಲು ಹೋಗಿ, ಮೀಟರ್ ಜೋಡಿಸಿದ್ದನ್ನು ಮರೆತು ಕೀಲಿ ತಿರುಗಿಸಿದರೆ ಮೀಟರ್ ಸುಟ್ಟುಹೋಗುತ್ತದೆ.

ಹಂತ 4: ವಾರಕ್ಕೊಮ್ಮೆ ನಿಜವಾದ ಓಟ

ಈಗ ಆ ಹತ್ತು ನಿಮಿಷದ ವಿಚಾರ. ನಿಂತಲ್ಲೇ ಓಡುವ ಇಂಜಿನ್ನಿನಲ್ಲಿ ಆಲ್ಟರ್ನೇಟರ್ ತನ್ನ ಸಾಮರ್ಥ್ಯದ ಒಂದು ಪಾಲನ್ನಷ್ಟೇ ಕೊಡುತ್ತದೆ. ಅದರಲ್ಲೂ ಫ್ಯುಯಲ್ ಪಂಪ್, ಸ್ಪಾರ್ಕ್, ಫ್ಯಾನ್ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಬ್ಯಾಟರಿಗೆ 5 ಆಂಪಿಯರ್ ಉಳಿಯಿತೆಂದುಕೊಂಡರೂ ಹತ್ತು ನಿಮಿಷಕ್ಕೆ 0.8 ಎಎಚ್. ಒಂದು ದಿನದ ಸೋರಿಕೆಗೆ ಅದು ಸರಿಹೋಯಿತು, ಅಷ್ಟೇ. ಬ್ಯಾಟರಿ ಎಂದೂ ತುಂಬುವುದಿಲ್ಲ. ಪೆಟ್ರೋಲ್ ವ್ಯರ್ಥ, ತಣ್ಣಗಿನ ಇಂಜಿನ್ನಿನ ಆಯಿಲಿಗೆ ಸುಡದ ಪೆಟ್ರೋಲ್ ಇಳಿಯುತ್ತದೆ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಬೇಸ್‌ಮೆಂಟಿನಲ್ಲೋ ಶಟರ್ ಎಳೆದ ಗ್ಯಾರೇಜಿನಲ್ಲೋ ಇಂಜಿನ್ ಓಡಿಸಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಪ್ರಾಣಕ್ಕೇ ಅಪಾಯ.

ಅದರ ಬದಲು ವಾರಕ್ಕೊಮ್ಮೆ 40 ನಿಮಿಷ, ನಿಲ್ಲದೆ ಓಡುವ ರಸ್ತೆಯಲ್ಲಿ ಹೋಗಿಬನ್ನಿ. ಭಾನುವಾರ ಬೆಳಗ್ಗೆ ಆರಕ್ಕೆ ಔಟರ್ ರಿಂಗ್ ರೋಡ್ ಆದೀತು, ಮೈಸೂರಿನವರಿಗೆ ಅವರದೇ ರಿಂಗ್ ರೋಡಿದೆ, ಹುಬ್ಬಳ್ಳಿ-ಧಾರವಾಡದವರಿಗೆ ಬೈಪಾಸು. ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಲ್ಲಿ 40 ನಿಮಿಷ ಕಳೆದರೆ ಅದನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ಹದಿನೈದು ನಿಮಿಷ ಎಸಿ ಬೇಡ, ಹಿಂದಿನ ಗಾಜಿನ ಹೀಟರ್ ಬೇಡ. ಸಿಗ್ನಲ್ಲಿನಲ್ಲಿ ತಾನೇ ಇಂಜಿನ್ ಆಫ್ ಮಾಡುವ ಐಡಲ್ ಸ್ಟಾಪ್ ಇದ್ದರೆ ಅದರ ಬಟನ್ ಒತ್ತಿ ಆಫ್ ಮಾಡಿ.

ಆದರೂ ಓಟವೊಂದರಿಂದಲೇ ಬ್ಯಾಟರಿ ನೂರಕ್ಕೆ ನೂರು ತುಂಬುವುದಿಲ್ಲ. ಬಸ್ಸು ತುಂಬುವುದನ್ನು ನೋಡಿದ್ದೀರಲ್ಲ: ಸೀಟು ಖಾಲಿಯಿರುವಾಗ ಜನ ಸರಸರ ಹತ್ತುತ್ತಾರೆ, ಕೊನೆಯ ಹತ್ತು ಜನರಿಗೆ ಜಾಗ ಮಾಡುವಷ್ಟರಲ್ಲಿ ಕಂಡಕ್ಟರ್ ಗಂಟಲು ಹರಿದಿರುತ್ತದೆ. ಸೀಸದ ಬ್ಯಾಟರಿಯೂ ಹಾಗೇ, ಶೇ 80ರವರೆಗೆ ಬೇಗ ತೆಗೆದುಕೊಳ್ಳುತ್ತದೆ, ಉಳಿದ ಶೇ 20ಕ್ಕೆ ಗಂಟೆಗಟ್ಟಲೆ ಬೇಕು. ಅದಕ್ಕೇ ಮುಂದಿನ ಹಂತ.

ಹಂತ 5: ಚಾರ್ಜರ್

ವಾರಕ್ಕೊಮ್ಮೆಯೂ 40 ನಿಮಿಷ ಓಡಿಸಲಾಗದವರಿಗೆ, ತಿಂಗಳಿಗೆರಡು ಸಲವಷ್ಟೇ ಗಾಡಿ ತೆಗೆಯುವವರಿಗೆ ಸ್ಮಾರ್ಟ್ ಚಾರ್ಜರ್ ಕೊಳ್ಳಿ ಎಂದು ಧಾರಾಳವಾಗಿ ಹೇಳುತ್ತೇನೆ. ಅವಧಿಗೆ ಮುಂಚೆ ಸಾಯುವ ಒಂದು ಬ್ಯಾಟರಿ ಉಳಿದರೂ ದುಡ್ಡು ಬಂದ ಹಾಗೆ. ವಾರದಲ್ಲಿ ಎರಡು ಮೂರು ಸಲ ದೂರ ಓಡಿಸುವವರಿಗೆ ಬೇಡ.

ಸ್ಮಾರ್ಟ್ ಎಂದರೆ ಏನು? ಮೊದಲು ಜೋರಾಗಿ ತುಂಬಿಸಿ, ತುಂಬುತ್ತಾ ಬಂದ ಹಾಗೆ ಕರೆಂಟ್ ತಗ್ಗಿಸಿ, ತುಂಬಿದ ಮೇಲೆ 13.5 ವೋಲ್ಟಿನ ಆಸುಪಾಸಿಗೆ ಇಳಿದು ಕಾವಲು ಕೂರುತ್ತದೆ. ಈ ಕೊನೆಯ ಸ್ಥಿತಿಗೆ ‘ಫ್ಲೋಟ್’ ಎನ್ನುತ್ತಾರೆ. ಫ್ಲೋಟ್ ಇರುವ ಚಾರ್ಜರನ್ನು ದಿನಗಟ್ಟಲೆ ಹಾಕಿಟ್ಟರೂ ಬ್ಯಾಟರಿ ಕುದಿಯುವುದಿಲ್ಲ. ಕೊಳ್ಳುವಾಗ ಎರಡು ನೋಡಿ. ಒಂದು, ಆಂಪಿಯರ್: ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ ಸಾಕು, 35 ಎಎಚ್‌ಗೆ 4 ಆಂಪಿಯರಿನ ಒಳಗೆ. ಎರಡು, ಬ್ಯಾಟರಿಯ ಬಗೆ: ಐಡಲ್ ಸ್ಟಾಪ್ ಇರುವ ಕಾರುಗಳಲ್ಲಿ ಇಎಫ್‌ಬಿ ಅಥವಾ ಎಜಿಎಂ ಎಂಬ ಗಟ್ಟಿ ಬಗೆಯ ಬ್ಯಾಟರಿ ಇರುತ್ತದೆ, ಎಜಿಎಂ ಇದ್ದರೆ ಚಾರ್ಜರಿನಲ್ಲೂ ಆ ಮೋಡ್ ಇರಬೇಕು.

ಜೋಡಿಸುವ ಕ್ರಮ: ಗಾಡಿ ಆಫ್. ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ ಇಂಜಿನ್ನಿನ ಅಥವಾ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ. ಆಮೇಲಷ್ಟೇ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಸ್ವಿಚ್ ಆಫ್, ಬಳಿಕ ಕಪ್ಪು, ಕೊನೆಗೆ ಕೆಂಪು. ಕಪ್ಪನ್ನು ಮೈನಸ್ ಟರ್ಮಿನಲ್ಲಿಗೇ ಯಾಕೆ ಹಾಕಬಾರದು? ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲಿ ಕಿಡಿ ಹಾರಬಾರದು. ಅಲ್ಲದೆ ಈಚಿನ ಕಾರುಗಳಲ್ಲಿ ಮೈನಸ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿ ನೇರ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಎಷ್ಟು ತುಂಬಿತೆಂದು ಕಾರಿಗೆ ಗೊತ್ತಾಗುವುದೇ ಇಲ್ಲ.

ಅರ್ಧ ಖಾಲಿಯಾದ 35 ಎಎಚ್ ಬ್ಯಾಟರಿ 4 ಆಂಪಿಯರಿನಲ್ಲಿ ತುಂಬಲು ಒಂದು ರಾತ್ರಿ ಬೇಕು. ವಾರಕ್ಕೊಮ್ಮೆ ಓಡಿಸುವ ಗಾಡಿಗೂ ಎರಡು ತಿಂಗಳಿಗೊಮ್ಮೆ ಈ ರಾತ್ರಿಯ ಉಪಚಾರ ಮಾಡಿ.

‘ನಮ್ಮ ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟೇ ಇಲ್ಲ’ ಅನ್ನುವವರೇ ಬಹಳ. ಎಲೆಕ್ಟ್ರಿಕ್ ಗಾಡಿಗಳಿಗೆಂದು ನಿಮ್ಮ ಅಸೋಸಿಯೇಷನ್ 15 ಆಂಪಿಯರ್ ಸಾಕೆಟ್ ಹಾಕಿಸಿದ್ದರೆ ಕೇಳಿ ನೋಡಿ. ಈ ಚಾರ್ಜರ್ ರಾತ್ರಿಯಿಡೀ ಓಡಿದರೂ ಅರ್ಧ ಯೂನಿಟ್ಟಿನ ಆಸುಪಾಸು. ಅದೂ ಇಲ್ಲವಾದರೆ ಬ್ಯಾಟರಿ ಬಿಚ್ಚಿ ಮನೆಗೆ ತಂದು ಚಾರ್ಜ್ ಮಾಡಬಹುದು. ಹತ್ತು ಕೆ.ಜಿ. ಆಸುಪಾಸಿನ ಭಾರ, ನೆಟ್ಟಗೆ ಹಿಡಿದು ತನ್ನಿ, ವಾಲಿಸಬೇಡಿ. ಬಾಲ್ಕನಿಯಲ್ಲಿ ಇಡಿ. ಅಡುಗೆಮನೆ, ದೇವರ ಕೋಣೆ ಬೇಡ, ಒಲೆಯೂ ದೀಪವೂ ಹೈಡ್ರೋಜನ್ನಿಗೆ ಒಳ್ಳೆಯ ನೆರೆಯಲ್ಲ.

ಇಲ್ಲಿ ಜನ ಎಡವುವ ಜಾಗಗಳು. ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ಸಿಕ್ಕಿಸುವುದು: ಇನ್ವರ್ಟರ್ ಚಾರ್ಜ್ ಮಾಡುವುದು 150 ಎಎಚ್ ಬ್ಯಾಟರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆ 10-15 ಆಂಪಿಯರ್ ನಿಮ್ಮ ಸಣ್ಣ ಬ್ಯಾಟರಿಗೆ ಜಾಸ್ತಿ. ಬ್ಯಾಟರಿ ಅಂಗಡಿಯ ಹಳೇ ಚಾರ್ಜರಿನಲ್ಲಿ ‘ಎರಡು ಗಂಟೇಲಿ ಫುಲ್ ಮಾಡಿಕೊಡ್ತೀವಿ ಸಾರ್’ ಅಂದರೂ ಒಪ್ಪಬೇಡಿ. ಡ್ಯಾಶ್‌ಬೋರ್ಡ್ ಮೇಲಿಡುವ ಸೋಲಾರ್ ಪ್ಯಾನೆಲ್ ಬೇಸ್‌ಮೆಂಟಿನಲ್ಲಿ ಕೆಲಸಕ್ಕೆ ಬಾರದು. ಬಿಸಿಲಲ್ಲಿ ನಿಲ್ಲಿಸಿದರೂ, ಬಹಳಷ್ಟು ಕಾರುಗಳ 12 ವೋಲ್ಟ್ ಸಾಕೆಟ್ ಕೀಲಿ ತೆಗೆದ ಕೂಡಲೇ ಸಂಪರ್ಕ ಕಳಚಿಕೊಳ್ಳುವುದರಿಂದ ಅದರ ಮೂಲಕ ಬ್ಯಾಟರಿಗೆ ಏನೂ ತಲುಪುವುದಿಲ್ಲ.

ಎಲೆಕ್ಟ್ರಿಕ್ ಕಾರಿನವರು, ಹೈಬ್ರಿಡ್‌ನವರು ‘ನಮಗಿದು ಸಂಬಂಧವಿಲ್ಲ’ ಎಂದುಕೊಳ್ಳಬೇಡಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲು, ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ ಎಲ್ಲ ನಡೆಯುವುದು 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಅದು ಸತ್ತರೆ ಗಾಡಿ ಏಳುವುದಿಲ್ಲ. ಗಾಡಿಯನ್ನು ‘ರೆಡಿ’ ಸ್ಥಿತಿಗೆ ತಂದಾಗ ದೊಡ್ಡದು ಚಿಕ್ಕದನ್ನು ತುಂಬಿಸುತ್ತದೆ. ಬರೀ ಆಕ್ಸೆಸರಿ ಮೋಡಿನಲ್ಲಿ ಕೂತು ಹಾಡು ಕೇಳಿದರೆ ಚಿಕ್ಕದು ಇಳಿಯುತ್ತದೆ.

ಹಂತ 6: ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವೇ?

ಎರಡು ವಾರದವರೆಗೆ ಏನೂ ಬೇಡ, ಹೊರಡುವ ಮುನ್ನ ಬ್ಯಾಟರಿ ತುಂಬಿದ್ದರೆ ಸಾಕು. ತಿಂಗಳು ದಾಟುವುದಾದರೆ ಪೂರ್ತಿ ಚಾರ್ಜ್ ಮಾಡಿ, ಮೈನಸ್ ಕಳಚಿ, ಕೇಬಲ್ ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿಡಿ. ಖಾಲಿ ಬ್ಯಾಟರಿಯನ್ನು ಕಳಚಿಟ್ಟು ಹೋದರೆ ಸಲ್ಫೇಟಿಗೆ ನೀವೇ ಅನುಕೂಲ ಮಾಡಿಕೊಟ್ಟ ಹಾಗೆ.

ಕಳಚುವ ಮುಂಚೆ ನೋಡಬೇಕಾದ್ದು ಕೆಲವಿದೆ. ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿ ಚಾಲಕನ ಬಾಗಿಲನ್ನು ನಿಜವಾಗಿ ತೆರೆಯುತ್ತದೆಯೇ? ವರ್ಷಗಟ್ಟಲೆ ಬಳಸದೆ ಬಿಗಿದಿರುತ್ತದೆ, ಈಗಲೇ ತಿರುಗಿಸಿ ನೋಡಿ. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿ ಬಟನ್ನಿಂದ ಮಾತ್ರ ತೆರೆಯುವಂತಿದ್ದರೆ ಮೈನಸ್ ಕಳಚಿ ಡಿಕ್ಕಿ ಮುಚ್ಚಿದಿರೋ, ಆಮೇಲೆ ಒಳಗೆ ಹೋಗುವ ದಾರಿಗೆ ಮ್ಯಾನುಯಲ್ ಹುಡುಕಬೇಕು. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಮತ್ತು ಆಟೋಮ್ಯಾಟಿಕ್ ಗೇರ್ ಇರುವ ಕಾರುಗಳು ಕರೆಂಟ್ ಇಲ್ಲದೆ ಜರುಗುವುದಿಲ್ಲ, ಬೇರೆಯವರ ಗಾಡಿಗೆ ಅಡ್ಡವಾಗಿ ನಿಲ್ಲಿಸಬೇಡಿ. ಸ್ಟೀರಿಯೊಗೆ ಕೋಡ್ ಇದ್ದರೆ ಬರೆದಿಡಿ.

ಮತ್ತೆ ಜೋಡಿಸಿದಾಗ ಗಡಿಯಾರ ತಪ್ಪಿರುತ್ತದೆ, ಕಿಟಕಿ ಒಂದೇ ಒತ್ತಿಗೆ ಮೇಲೇರುವುದಿಲ್ಲ, ಐಡ್ಲಿಂಗ್ ಸ್ವಲ್ಪ ಹೊತ್ತು ಏರುಪೇರಾಗಬಹುದು, ಸ್ಟೀರಿಂಗಿನ ದೀಪ ಹತ್ತಿರಬಹುದು. ಹೆಚ್ಚಿನವು ಸ್ವಲ್ಪ ದೂರ ಓಡಿಸಿದರೆ ಸರಿಹೋಗುತ್ತವೆ. ಕಿಟಕಿಗೆ ಪೂರ್ತಿ ಮೇಲೇರಿಸಿ ಬಟನ್ ಕೆಲವು ಸೆಕೆಂಡು ಹಿಡಿದರೆ ನೆನಪು ಮರಳುತ್ತದೆ.

ಆರು ತಿಂಗಳಾದರೆ ಕಳಚಿದ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಂತೂ ಖಂಡಿತ. ಎರಡು-ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಲು ನಂಬಿಕೆಯ ಒಬ್ಬರನ್ನು ಗೊತ್ತುಮಾಡಿ. ಕೀಲಿ ಕೊಟ್ಟು ‘ಆಗಾಗ ಓಡಿಸ್ತಿರಪ್ಪ’ ಎನ್ನುವುದಾದರೆ 40 ನಿಮಿಷದ ಲೆಕ್ಕವನ್ನೂ ಹೇಳಿ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಅಷ್ಟರೊಳಗೆ ಮುಗಿಯುವುದಿಲ್ಲವೇ ನೋಡಿ.

ಚಳಿ ದೇಶಗಳಲ್ಲಿ ಇರುವ ಓದುಗರಿಗೆ ಬೇರೆಯೇ ಅಪಾಯ: ತುಂಬಿದ ಬ್ಯಾಟರಿ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಜಂಪ್, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ಎರವಲು, ಕೊಡಲೇಬಾರದು.

ಹಂತ 7: ಡೌನ್ ಆಗಿಯೇ ಬಿಟ್ಟರೆ

ಮೊದಲು ಇನ್ಶೂರೆನ್ಸ್ ಪಾಲಿಸಿ ನೋಡಿ. ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದರೆ ಜಂಪ್ ಸ್ಟಾರ್ಟ್ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ನೀವೇ ಮಾಡುವುದಾದರೆ ಎರಡೂ ಗಾಡಿ ಆಫ್ ಮಾಡಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಸತ್ತದ್ದನ್ನು ಐದಾರು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ ಪ್ರಯತ್ನಿಸಿ. ಆಗದಿದ್ದರೆ ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ. ಪ್ಲಸ್-ಮೈನಸ್ ಅದಲುಬದಲಾದರೆ ಇಂಜಿನ್ ಕಂಪ್ಯೂಟರ್ ಸುಡುವ ಸಾಧ್ಯತೆಯಿದೆ. ಅದರ ಖರ್ಚಿನ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ. ಅಗ್ಗದ ಜಂಪ್ ಕೇಬಲ್ ಹೊರಗಿನಿಂದ ದಪ್ಪ ಕಂಡರೂ ಪ್ಲಾಸ್ಟಿಕ್ಕೇ ಜಾಸ್ತಿ, ಒಳಗಿನ ತಂತಿ ತೆಳು, ಕಾದು ಹೊಗೆಯಾಡುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನಿಂದ ಕರೆಂಟ್ ಎರವಲು ಪಡೆಯುವ ಮುಂಚೆ ಅದರ ಮ್ಯಾನುಯಲ್ ಒಪ್ಪುತ್ತದೆಯೇ ನೋಡಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಕಾರಿಗೆ ಮಾತ್ರ, ಅದೂ ಬ್ಯಾಟರಿಯಲ್ಲಿ ಒಂಚೂರು ಜೀವ ಉಳಿದಿದ್ದರೆ: ಕೀಲಿ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಬಂದಾಗ ಬಿಡಿ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಈ ಸಾಹಸ ಬೇಡ, ಇಂಜಿನ್ ಆಫ್ ಇದ್ದಾಗ ಬ್ರೇಕೂ ಸ್ಟೀರಿಂಗೂ ಕಲ್ಲಾಗಿರುತ್ತವೆ.

ಸ್ಟಾರ್ಟ್ ಆಯಿತೆಂದು ಒಂದು ಸುತ್ತು ಹೊಡೆದು ನಿಲ್ಲಿಸಿದರೆ ನಾಳೆ ಮತ್ತೆ ಅದೇ ಪಾಡು. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ತುಂಬಿಸುವುದು ಆಲ್ಟರ್ನೇಟರಿನ ಕೆಲಸವಲ್ಲ, ಅವತ್ತೇ ಚಾರ್ಜರಿಗೆ ಹಾಕಿ.

ಬದಲಾಯಿಸುವುದು ಯಾವಾಗ?

ರಾತ್ರಿಯಿಡೀ ಚಾರ್ಜ್ ಮಾಡಿ, ಕಳಚಿ ಒಂದು ದಿನ ಬಿಟ್ಟಾಗ 12.4ರ ಮೇಲೆ ನಿಲ್ಲದಿದ್ದರೆ ಹೊಸದಕ್ಕೆ ಹೊರಡಿ. ಮೊದಲು ವಾರಂಟಿ ಕಾರ್ಡ್ ಹುಡುಕಿ. ನಮ್ಮಲ್ಲಿ ವಾರಂಟಿ ಸಾಮಾನ್ಯವಾಗಿ ಎರಡು ಭಾಗ: ಮೊದಲ ಅವಧಿಯಲ್ಲಿ ಹೋದರೆ ಉಚಿತ ಬದಲಿ, ಎರಡನೆಯದರಲ್ಲಿ ಬೆಲೆಯಲ್ಲಿ ರಿಯಾಯಿತಿ. 36+36 ಎಂದು ಬರೆದಿದ್ದರೆ 72 ತಿಂಗಳು ಉಚಿತ ಎಂದಲ್ಲ. ಹೆಚ್ಚು ಎಎಚ್‌ನ ಬ್ಯಾಟರಿ ಹಾಕಿಸಿದರೆ ಡೌನ್ ಆಗುವುದೇ ಇಲ್ಲ ಎಂಬ ಆಸೆ ಬೇಡ, ಡ್ರೇನ್ ಹಾಗೇ ಇದ್ದರೆ ಇನ್ನೂ ಕೆಲವು ದಿನ ತಡವಾಗಿ ಡೌನ್ ಆಗುತ್ತದೆ. ಐಡಲ್ ಸ್ಟಾಪ್ ಕಾರಿಗೆ ಅಗ್ಗವೆಂದು ಮಾಮೂಲಿ ಬ್ಯಾಟರಿ ಹಾಕಿಸಲೂಬೇಡಿ.

ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಒಳಗಿನ ಸೀಸಕ್ಕೆ ಬೆಲೆಯಿರುವುದರಿಂದ ಬಿಲ್ಲಿನಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ, ಕೇಳಿ ಪಡೆಯಿರಿ. ಹೊಸದರ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು ನೋಡಿ. ದೂಳು ಹಿಡಿದು ಅರ್ಧ ವರ್ಷ ಶೆಲ್ಫಿನಲ್ಲಿ ಕೂತದ್ದಾದರೆ ಬೇರೆ ತರಿಸಲು ಹೇಳಿ. ಕೂರಿಸುವ ಮೊದಲು ಮೀಟರ್ ಇಟ್ಟು ನೋಡಿ, 12.6 ಇಲ್ಲದಿದ್ದರೆ ಚಾರ್ಜ್ ಮಾಡಿಯೇ ಕೊಡಲಿ.